ಬೀಗರಿಗೆ ಬಿಸಿಗಾಳಿ

ಸುಡುವ ಏಪ್ರಿಲ್ಲಿನಲ್ಲಿ, ಕಾರಿನೊಳಗೆ ಬಿಸಿಗಾಳಿ ಬರುತ್ತಿಲ್ಲವೆಂದು ದೂರು ಹೇಳಿಕೊಂಡು ಬಂದ ಮನುಷ್ಯ ಗೋಕಾಕದಲ್ಲಿ ತಾನೇ ಮೊದಲನೆಯವನಿರಬೇಕು ಎಂಬುದು ಮಾಲಿಂಗಪ್ಪನಿಗೆ ಹೊಳೆದದ್ದು ಮಾತು ಬಾಯಿಂದ ಬಿದ್ದ ಮೇಲೆ. ಅಷ್ಟರಲ್ಲಿ ತಡವಾಗಿತ್ತು. ಬಸ್ ನಿಲ್ದಾಣದ ಹಿಂದಿನ ತಗಡಿನ ಮಾಡಿನ ಕೆಳಗೆ ಲಾರಿಯ ಗಾಲಿ ಬಿಚ್ಚುತ್ತ ಕೂತಿದ್ದ ಮಾಯಪ್ಪ ತಲೆ ಎತ್ತಿ ಅವನನ್ನು ನೋಡಿದ. ಆಮೇಲೆ ಹೊರಗೆ ಬಿಸಿಲಿನಲ್ಲಿ ನಿಂತಿದ್ದ ಎರಡು ಸೀಟಿನ ಕೆಂಪು ಕಾರನ್ನು ನೋಡಿದ. ಕೊನೆಗೆ ಆಕಾಶವನ್ನೂ ಒಂದು ಸಲ ನೋಡಿದ.

"ಏನ ಬರವಲ್ತು ಅಂದ್ರಿ?"

"ಬಿಸಿಗಾಳಿ. ಹೀಟರಿನ ಫ್ಯಾನ ತಿರಗವಲ್ತು."

"ಹೊರಗ ಬರಾಕತ್ತೈತಲ್ರಿ ಸಾವಕಾರ್ರ. ಖಿಡಕಿ ಕಾಜು ಇಳಿಸಿದ್ರ ಆತು."

ಬಾಜೂಕಿನ ಬಾಕಿನ ಮೇಲೆ ಕೂತಿದ್ದವನು ಜೋರಾಗಿ ನಕ್ಕ. ಅದು ಹುಕ್ಕೇರಿಯ ತಂಬಾಕಿನ ದಲಾಲ ಕೇದಾರಿ ಎಂದು ಮಾಲಿಂಗಪ್ಪನಿಗೆ ಆಗ ಕಂಡಿತು. ಇಡೀ ಗೋಕಾಕದಲ್ಲಿ ಇವತ್ತು ಇರಬಾರದಾಗಿದ್ದ ಮನುಷ್ಯನೆಂದರೆ ಇವನು. ಇವನ ಬಾಯಿಗೆ ಬಿದ್ದ ಸುದ್ದಿ ಮಧ್ಯಾಹ್ನದ ಬಸ್ಸಿಗಿಂತ ಮೊದಲು ಹುಕ್ಕೇರಿ ಮುಟ್ಟುತ್ತದೆ. ಅದೂ ನೇರ ದುಂಡಪ್ಪನವರ ಪಡಸಾಲೆಗೆ, ಯಾಕೆಂದರೆ ಕೇದಾರಿಯ ಹೆಂಡತಿ ದುಂಡಪ್ಪನವರ ಹೆಂಡತಿಯ ತವರ ಕಡೆಯವಳು. ಅದೇ ಪಡಸಾಲೆಯಲ್ಲಿ ಇಂದು ಸಂಜೆ ಮಾಲಿಂಗಪ್ಪನ ಮಗಳು ಲಕ್ಕವ್ವನನ್ನು ದುಂಡಪ್ಪನವರ ಮಗನಿಗೆ ನಿಶ್ಚಯ ಮಾಡುವುದಿತ್ತು. ಹೆಂಡತಿ ಯಮನವ್ವ ಮಗಳನ್ನು ಕರೆದುಕೊಂಡು ನಿನ್ನೆಯೇ ಹುಕ್ಕೇರಿಗೆ ಹೋಗಿ ತಂಗಿಯ ಮನೆಯಲ್ಲಿ ಇಳಿದಿದ್ದಳು. "ಬ್ಯಾಟರಿ ತೋರಿಸಿಕೊಂಡು ಬರ್ತೇನಿ" ಎಂದು ಅವನು ಒಬ್ಬನೇ ಮೂಡಲಗಿಯಲ್ಲಿ ಉಳಿದಿದ್ದ.

"ಬೀಗರಿಗೆ ತೋರಸಬೇಕಾಗೈತಿ," ಎಂದು ಮಾಲಿಂಗಪ್ಪ ಹೇಳಿದ. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತು ಅದು. ದಾರಿಯಲ್ಲಿ ಅದು ಚೆನ್ನಾಗಿಯೇ ಇತ್ತು.

"ಬ್ಯಾಸಿಗ್ಯಾಗ ಬೀಗರಿಗೆ ಬಿಸಿಗಾಳಿ!" ಕೇದಾರಿ ತೊಡೆ ತಟ್ಟಿಕೊಂಡ. "ದುಂಡಪ್ಪಗೌಡ್ರು ಬಾಸಿಂಗ ಕಟ್ಟೂಕಿಂತ ಮೊದಲ ಬೇಯ್ತಾರ. ಏ ಮಾಯಪ್ಪ, ಲಗೂನ ಮಾಡಿ ಕೊಡೋ. ನಾನೂ ಅದರಾಗ ಕುಂತ ಹುಕ್ಕೇರಿಗೆ ಹೊಕ್ಕೇನಿ. ಎರಡನೇ ಸೀಟ ಖಾಲಿನ ಐತಲ್ಲ?"

ಖಾಲಿ ಎಂಬ ಮಾತಿಗೆ ಮಾಲಿಂಗಪ್ಪನ ಕೈ ತಾನಾಗಿ ಎದೆಗೆ ಹೋಯಿತು. ಅಂಗಿಯ ಒಳಗೆ ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ ಇತ್ತು, ಅದರೊಳಗೆ ತೂಕವೂ ಇತ್ತು. ಕರಡಿಗೆಯಲ್ಲಿ ಇದ್ದದ್ದು ಒಂದು ಅಡಿಕೆ. ದಿನವೂ ಪೂಜಿಸುವ ಇಷ್ಟಲಿಂಗ ಇರಲಿಲ್ಲ. ಅದು ಹೋದ ಅಮಾವಾಸ್ಯೆಯ ಮಾರನೆಯ ಸಂತೆಯ ದಿನ, ಮೂಡಲಗಿಯ ಪೇಟೆಯ ನಡುವೆ, ಈ ಕಾರಿನೊಳಗೆ ಹೋಯಿತು ಎಂದು ಅವನ ಅಂದಾಜು. ಅಂದಾಜು ಮಾತ್ರ. ಅವತ್ತು ಸಾಲಿ ಮಾಸ್ತರರೊಬ್ಬರು ಕಾರಿನೊಳಗೆ ಇಣುಕಿ, ಕಾಲಿನ ಹತ್ತಿರ ಡಬ್ಬಿಯ ಹಾಗೆ ಜೋತಾಡುವ ಗುಂಡನೆಯ ತಗಡು ಏನೆಂದು ಕೇಳಿದ್ದರು. ಗಿರಣಿಯ ಸಾಹೇಬ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ಕಾರು ಅದು. ಅದರಲ್ಲಿ ಚಳಿಗಾಲಕ್ಕೆಂದು ಎಂಜಿನ್ನಿನ ಬಿಸಿನೀರಿನಿಂದ ಗಾಳಿ ಕಾಯಿಸುವ ಯಂತ್ರ ಇದೆಯೆಂದು ಹೇಳುವುದೇ ಮಾಲಿಂಗಪ್ಪನಿಗೆ ಒಂದು ಸಂಭ್ರಮ. ಅದರ ಮುಂದಿನ ಪುಟ್ಟ ತಗಡಿನ ಬಾಗಿಲು ತೆರೆದು, ಬಗ್ಗಿ, ಗುಂಡಿ ತಿರುವಿದ್ದ. ಸೆಕೆಗೆಂದು ಅಂಗಿಯ ಗುಂಡಿ ಬಿಚ್ಚಿದ್ದ. ಕರಡಿಗೆ ಹೊರಗೆ ಜೋತಾಡುತ್ತಿತ್ತು. ಅದರ ಕೊಂಡಿ ಸಡಿಲಾಗಿದೆ, ಪತ್ತಾರನಿಗೆ ತೋರಿಸಿರಿ ಎಂದು ಯಮನವ್ವ ಸಂಕ್ರಾಂತಿಯಿಂದ ಹೇಳುತ್ತಿದ್ದಳು. ಒಳಗೆ ಟಕ್ ಎಂದಿತು, ಕರ್ ಎಂದಿತು, ಫ್ಯಾನು ನಿಂತಿತು. "ತಂತಿ ಸಡಲಾಗಿರಬೇಕು" ಎಂದು ಅವನು ನಕ್ಕಿದ್ದ. ಮಾಸ್ತರರೂ ನಕ್ಕಿದ್ದರು. ಸಂಜೆ ಮೈ ತೊಳೆದು ಪೂಜೆಗೆ ಕೂತು ಕರಡಿಗೆಯನ್ನು ಕೈಗೆ ತೆಗೆದುಕೊಂಡರೆ ಮುಚ್ಚಳ ಅರ್ಧ ತೆರೆದಿತ್ತು, ಒಳಗೆ ಒಂದಿಷ್ಟು ವಿಭೂತಿಯ ಪುಡಿ ಮಾತ್ರ ಇತ್ತು.

ಆಗಲೇ ಕೂಗಿಬಿಟ್ಟಿದ್ದರೆ ಆಗುತ್ತಿತ್ತು. ಅವನು ಕೂಗಲಿಲ್ಲ. ಎಡಗೈಯನ್ನು ಲಿಂಗ ಹಿಡಿದಂತೆ ಹಿಡಿದು, ಮೇಲೆ ವಸ್ತ್ರ ಹೊದಿಸಿ, ಬೋಳು ಅಂಗೈಗೆ ಪತ್ರಿ ಏರಿಸಿ ಎದ್ದ. ಅವನು ಸಣ್ಣವನಿದ್ದಾಗ ಊರಿನ ಮುದುಕಿಯೊಬ್ಬಳ ಲಿಂಗ ಹೊಳೆಯಲ್ಲಿ ಜಾರಿ ಹೋಗಿತ್ತು. ಅದು ಸಿಗುವವರೆಗೆ ಅವಳು ಅನ್ನ ನೀರು ಬಿಟ್ಟು ದಂಡೆಯ ಮೇಲೆ ಕೂತಿದ್ದಳು. ಅಪ್ಪ ಹೋಗಿ ನೋಡಿಕೊಂಡು ಬಂದು, ಪಂಚೆಯ ಕೆಸರು ತೊಳೆದುಕೊಳ್ಳುತ್ತ, "ಇದ್ರ ಹಿಂಗ ಇರಬೇಕು ನೋಡ" ಎಂದಿದ್ದ. ಬೋಳು ಅಂಗೈಗೆ ಪತ್ರಿ ಏರಿಸಿದ ಆ ರಾತ್ರಿ ಮಾಲಿಂಗಪ್ಪ ಬದನೆಕಾಯಿಯ ಎಣಗಾಯಿ ಜೊತೆ ರೊಟ್ಟಿ ತಿಂದ. ಎಣಗಾಯಿ ಚೆನ್ನಾಗಿದೆಯೆಂದು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ. ಆಮೇಲೆ ಅವನನ್ನು ಕಾಡಿದ್ದು ಲಿಂಗ ಕಳೆದದ್ದಲ್ಲ, ಆ ಎರಡನೆಯ ರೊಟ್ಟಿ. ಮಾರನೆಯ ದಿನ ಕರಡಿಗೆ ಹಗುರಾಗಿ ಎದೆಯ ಮೇಲೆ ಕುಣಿಯುತ್ತಿದೆ ಎನಿಸಿ ಅಂಗಡಿಯ ಗಲ್ಲೆಯ ಹತ್ತಿರ ಇದ್ದ ಅಡಿಕೆ ಒಂದನ್ನು ಒಳಗೆ ಇಟ್ಟ. ಅದಕ್ಕೂ ಪತ್ರಿ ಏರಿಸಿದ. ಯಮನವ್ವ ದಿನವೂ ಪೂಜೆಯ ನೀರು ತಂದಿಟ್ಟು ಹೋಗುತ್ತಿದ್ದಳು. ಒಂದು ದಿನ ಮಾತ್ರ ಬಾಗಿಲಲ್ಲಿ ನಿಂತು, "ಇತ್ತಿತ್ಲಾಗ ಬಾಳ ಹೊತ್ತು ಕುಂದರತೀರಿ" ಎಂದಳು. ಹೌದು, ಲಿಂಗ ಇದ್ದಾಗ ಇಷ್ಟು ಹೊತ್ತು ಕೂರುತ್ತಿರಲಿಲ್ಲ.

ಒಂದು ಸಲ ಅಡಿಗೆಮನೆಯ ಇಕ್ಕಳ ಒಯ್ದು ಡಬ್ಬಿಯೊಳಗೆ ಕೆದಕಿ ನೋಡಿದ್ದ. ಕಾರಿನ ಹತ್ತಿರ ಹೋದರೆ ಸಾಕು, ಓಣಿಯೇ ಬಂದು ಸುತ್ತ ನಿಲ್ಲುತ್ತದೆ. "ಏನ ಹುಡಕಾಕತ್ತೀರಿ?" ಎಂದು ಕೇಳುತ್ತದೆ. ಹೀಗೆ ನಾಳೆ ನಾಳೆ ಎನ್ನುತ್ತ ಇಂದಿಗೆ ಬಂದು ನಿಂತಿತ್ತು. ಇಂದು ಸಂಜೆ ದುಂಡಪ್ಪನವರ ಪಡಸಾಲೆಯಲ್ಲಿ ವೀಳ್ಯ ಬದಲಿಸುವ ಮೊದಲು ಗಂಡಸರೆಲ್ಲ ಒಂದೇ ಸಾಲಿನಲ್ಲಿ ಕೂತು, ಮಠದ ಅಯ್ಯನವರ ಮುಂದೆ, ಲಿಂಗವನ್ನು ಅಂಗೈಮೇಲೆ ತೆಗೆದಿಟ್ಟುಕೊಂಡು ಪೂಜೆ ಮಾಡಬೇಕು. ಆ ಮನೆಯಲ್ಲಿ ವಸ್ತ್ರ ಹೊದಿಸುವ ರೂಢಿ ಇಲ್ಲ. ಹೆಣ್ಣಿನ ತಂದೆ ಅಯ್ಯನವರ ಬಲಕ್ಕೆ ಕೂರಬೇಕು.

ಮಾಯಪ್ಪ ಕಾರಿನ ಬಾಗಿಲು ತೆರೆದ. ಆ ಡಬ್ಬಿ ಇದ್ದ ಜಾಗಕ್ಕೆ ಮನುಷ್ಯನ ತಲೆ ಹೋಗಬೇಕಾದರೆ ಇದ್ದದ್ದು ಒಂದೇ ದಾರಿ. ಸೀಟಿನ ಮೇಲೆ ಅಂಗಾತ ಬಿದ್ದು, ತಲೆಯನ್ನು ಕಾಲಿಡುವ ಕಡೆ ಇಳಿಬಿಟ್ಟು, ಕಾಲನ್ನು ಸೀಟಿನ ಬೆನ್ನಿನ ಮೇಲೆ ಚಾಚಬೇಕು. ಮಾಯಪ್ಪ ಹಾಗೆಯೇ ಒಳಗೆ ಜಾರಿದ. ಅವನ ಬರಿಗಾಲು ಎರಡೂ ಮಾಲಿಂಗಪ್ಪ ತಲೆ ಆನಿಸುವ ಚರ್ಮದ ಮೇಲೆ ಬಂದು ನಿಂತವು. ಹಿಮ್ಮಡಿ ಬಿರಿದು ಕಪ್ಪು ಎಣ್ಣೆ ಕೂತಿತ್ತು. ಮಾಲಿಂಗಪ್ಪ ಅದನ್ನು ನೋಡಿದ. ನೋಡಿದೆನಲ್ಲ ಎಂದು ನಾಚಿದ. ನಾಚಿಕೆ ಮುಗಿದ ಮೇಲೆ ಮತ್ತೆ ಅದನ್ನೇ ನೋಡಿದ. ಕೇದಾರಿ ಅವನ ಕಣ್ಣು ಹೋದ ಕಡೆ ತಾನೂ ನೋಡಿ, "ಈಗ ಇವರು ಬೌದ್ಧರಾಗ್ಯಾರ್ರಿ. ಮೊದಲಿನಂಗ ಬಗ್ಗಿ ನಮಸ್ಕಾರನೂ ಇಲ್ಲ" ಎಂದ.

"ಈಗ ಇದಕ್ಕಿಂತ ಹೆಂಗ ಬಗ್ಗಲ್ರಿ ದಲಾಲ್ರ?" ಎಂದು ಕೆಳಗಿನಿಂದ ಮಾಯಪ್ಪನ ದನಿ ಬಂತು.

ಮಾಯಪ್ಪನ ತಾಯಿ ಕೆಂಪವ್ವ ಮೂಡಲಗಿಯವಳೇ. ಮಾಲಿಂಗಪ್ಪನ ಅಪ್ಪನ ಕಾಲದಲ್ಲಿ ಬೆಲ್ಲಕ್ಕೆಂದು ಅಂಗಡಿಯ ಕಟ್ಟೆಯ ಕೆಳಗೆ ಬಂದು ನಿಲ್ಲುತ್ತಿದ್ದಳು, ಮಗ ಪಕ್ಕದಲ್ಲಿ. ಅಪ್ಪ ತೂಗುತ್ತಿದ್ದ, ಕೊಡುವುದು ಮಾಲಿಂಗಪ್ಪನ ಕೆಲಸ. ಕೊಡುವುದು ಎಂದರೆ ಮೇಲಿನಿಂದ ಬಿಡುವುದು. ಅವಳು ಸೆರಗು ಒಡ್ಡುತ್ತಿದ್ದಳು, ಇವನು ಮೊಣಕೈ ಎತ್ತರದಿಂದ ಬೆಲ್ಲದ ತುಂಡನ್ನು ಬಿಡುತ್ತಿದ್ದ. ಕೈಗೆ ಕೈ ತಾಗಬಾರದು. ಅಷ್ಟು ಎತ್ತರದಿಂದ ಬಿಟ್ಟರೂ ಒಂದು ಚೂರೂ ಹೊರಗೆ ಬೀಳದಂತೆ ಬಿಡುವುದರಲ್ಲಿ ತಾನು ಜಾಣ ಎಂದು ಅವನಿಗೆ ಆಗ ಹೆಮ್ಮೆ ಇತ್ತು. ಮಾಯಪ್ಪ ಅದನ್ನು ಮರೆತಿರಬಹುದು. ಮರೆತಿದ್ದರೆ ಒಳ್ಳೆಯದು.

ಮಾಯಪ್ಪ ಒಂದು ಸಣ್ಣ ಬಲ್ಬಿಗೆ ಎರಡು ವಾಯರು ಕಟ್ಟಿಕೊಂಡಿದ್ದ; ಅದೇ ಅವನ ಪರೀಕ್ಷೆಯ ಯಂತ್ರ. ಮೊದಲು ಫ್ಯೂಜು ನೋಡಿದ. ಸುಟ್ಟಿತ್ತು. "ಇಷ್ಟ ನೋಡ್ರಿ" ಎಂದು ಹೊಸ ತಂತಿ ಕಟ್ಟಿ ಗುಂಡಿ ತಿರುವಿದ, ಅದೂ ಸುಟ್ಟಿತು. ಇನ್ನೂ ದಪ್ಪನೆಯ ತಂತಿ ಕಟ್ಟಿ, ಸ್ವಿಚ್ಚು ಬಿಚ್ಚಿ ಕೆರೆದ. ಅಲ್ಲಿ ಬಲ್ಬು ಹತ್ತಿತು. ಮೋಟಾರಿನ ವಾಯರಿಗೆ ಹಚ್ಚಿದ, ಅಲ್ಲಿಯೂ ಹತ್ತಿತು. "ಕರೆಂಟ ಬರಾಕತ್ತೈತಿ, ಮೋಟಾರ ತಗೊಳ್ಳವಲ್ತು," ಎಂದ. ಆಮೇಲೆ ಸಾಹೇಬನ ಕಾಲದ ಮೇಸ್ತ್ರಿಯನ್ನು ಬೈಯುತ್ತ ಅರ್ಥಿಂಗಿನ ತುದಿಯನ್ನು ಉಜ್ಜುಕಾಗದದಿಂದ ತಿಕ್ಕಿದ. ಒಂದೊಂದು ಸಲವೂ ಇದೇ ದೋಷ ಎಂದು ಅವನಿಗೆ ಖಾತ್ರಿ ಇರುತ್ತಿತ್ತು. ಒಂದೊಂದು ಸಲವೂ ಅದಲ್ಲವೆಂದು ಮಾಲಿಂಗಪ್ಪನಿಗೆ ಗೊತ್ತಿರುತ್ತಿತ್ತು. ಗೊತ್ತಿದ್ದೂ ಅವನು "ಹೌದೇನು?", "ಹಂಗಾರ ಅದ ಇರಬೇಕು" ಎನ್ನುತ್ತ ನಿಂತಿದ್ದ. ಹೊಟ್ಟೆನೋವಿನ ಮನುಷ್ಯ ವೈದ್ಯರ ಮುಂದೆ ಕಾಲು ಚಾಚಿ, ಅವರು ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ನೋಡುತ್ತ ಕೂತಂತಿತ್ತು.

"ಚಾ ತರಸಲೇನ್ರಿ ಸಾವಕಾರ್ರ?" ಎಂದು ಮಾಯಪ್ಪನ ದನಿ. "ಹೋಟೆಲ್ ನಿಮ್ಮ ಮಂದೀದ ಐತಿ. ಕಪ್ಪೂ ಅಲ್ಲೀದ."

"ಬ್ಯಾಡ. ... ಮಾಯಪ್ಪ, ಫ್ಯಾನಿನ ಒಳಗ ಏನರ ಬಿದ್ದಿರಬಹುದೇನು?"

"ಏನ ಬೀಳ್ತೈತ್ರಿ ಅಲ್ಲಿ?"

"ಏನರ. ಸಣ್ಣದು." ಮಾಲಿಂಗಪ್ಪ ಹುಡುಕಿದ. ಅವನ ಎದೆಯ ಮೇಲೆ ತೂಗುತ್ತಿದ್ದದ್ದೇ ಬಾಯಿಗೆ ಬಂತು. "ಅಡಿಕಿ."

"ಅಡಿಕಿ ಬಿದ್ರ ಕಡಕಡ ಅಂತೈತ್ರಿ, ಸುಮ್ಮ ಕುಂದರೂದಿಲ್ಲ. ಬುಶ್ ಒಣಗಿರಬೇಕು, ಎಣ್ಣಿ ಬಿಡ್ತೇನಿ ತಡೀರಿ."

"ಅಡಿಕಿ ಎಲಿ ಹಾಕ್ಕೊಂಡ ಗಾಡಿ ನಡಸ್ತೀರೇನು?" ಕೇದಾರಿ ಬಾಕಿನಿಂದ ಎದ್ದು ಹತ್ತಿರ ಬಂದ. ತಂಬಾಕಿನವನಿಗೆ ಬಾಯಿಗೆ ಹಾಕುವ ವಸ್ತುವಿನ ವಿಷಯ ಬಂದರೆ ಕೂಡ್ರಲಾಗುವುದಿಲ್ಲ. ಅವನು ಕಿಟಕಿಯಿಂದ ತಲೆ ಒಳಹಾಕಿ, ಮಾಯಪ್ಪನ ಕಾಲಿನ ಪಕ್ಕಕ್ಕೆ ಮೂತಿ ತಂದು, ಡಬ್ಬಿಯ ಕಡೆ ಇಣುಕಿದ. ಮಾಲಿಂಗಪ್ಪನಿಗೆ ಆ ಹೊತ್ತಿನಲ್ಲಿ ಲಿಂಗ ಅಲ್ಲಿ ಇರದಿದ್ದರೆ ಸಾಕು ಎನಿಸಿತು. ಅದಕ್ಕಾಗಿಯೇ ಬಂದವನು ಅದು ಅಲ್ಲಿ ಇಲ್ಲದಿರಲಿ ಎಂದು ಬೇಡಿಕೊಂಡ. ಇಲ್ಲದಿದ್ದರೆ ಸಂಜೆ ಮರ್ಯಾದೆ ಹೋಗುತ್ತದೆ, ಇದ್ದರೆ ಈಗಲೇ ಹೋಗುತ್ತದೆ. ಸಂಜೆಗೆ ಇನ್ನೂ ಹೊತ್ತಿತ್ತು. ತನ್ನ ಭಕ್ತಿ ಎಂದರೆ ಇಷ್ಟೇ, ಈಗಿನದನ್ನು ಸಂಜೆಗೆ ತಳ್ಳುವುದು, ಎಂದು ಅವನಿಗೆ ತಿಳಿದು ಬಿಸಿಲಿನಲ್ಲಿ ನಿಂತೇ ಮೈ ತಣ್ಣಗಾಯಿತು.

ಮಾಯಪ್ಪ ಎಣ್ಣೆ ಬಿಟ್ಟ. ಗುಂಡಿ ತಿರುವಿದಾಗ ಮೋಟಾರು ಗುಂಯ್ ಎಂದು ಹೊಗೆಯ ವಾಸನೆ ಬಂತು. ತಕ್ಷಣ ಆರಿಸಿ, ಡಬ್ಬಿಯ ಮುಖದ ತಿರುಪುಗಳಿಗೆ ಕೈ ಹಾಕಿದ. ಮೂರು ಬಂದವು, ಒಂದು ತುಕ್ಕು ಹಿಡಿದು ಬರಲಿಲ್ಲ. ಮುಖವನ್ನು ಒಂದು ಬದಿಗೆ ಬಗ್ಗಿಸಿ ಸಂದು ಮಾಡಿ ಟಾರ್ಚು ಹಿಡಿದ. ಚರ್ಮದ ಮೇಲೆ ಆಡುತ್ತಿದ್ದ ಅವನ ಕಾಲ ಬೆರಳುಗಳು ನಿಂತವು. ಮಾಲಿಂಗಪ್ಪ ಆ ಬೆರಳುಗಳನ್ನೇ ನೋಡುತ್ತಿದ್ದ. ಮುಖ ಕಾಣದಿದ್ದರೂ ಅವನಿಗೆ ಎಲ್ಲ ತಿಳಿಯಿತು.

"ದಲಾಲ್ರ," ಎಂದ ಮಾಯಪ್ಪ. ದನಿ ಇದ್ದ ಹಾಗೆಯೇ ಇತ್ತು.

"ಏನಪಾ?"

"ಹುಕ್ಕೇರಿಗೆ ಇದರಾಗ ಹೋಗೂದ ಖರೇ ಇದ್ರ ಒಂದೀಟು ಕೈ ಹಚ್ಚಬೇಕಾಕ್ಕೈತಿ. ಮುಂದ ಹೋಗಿ ಬಾನೆಟ್ ಎತ್ರಿ. ಎಂಜಿನ್ ಬಾಜೂಕ ಕರಿ ರಬ್ಬರ ಪೈಪ ಐತಿ ನೋಡ್ರಿ, ಅದನ್ನ ಎರಡೂ ಕೈಲೆ ಒತ್ತಿ ಹಿಡೀರಿ. ನಾ ಹೇಳೂತನಕಾ ಬಿಡಬ್ಯಾಡ್ರಿ. ಬಿಟ್ರ ಬಿಸಿನೀರ ಮುಖಕ್ಕ ಹಾರ್ತೈತಿ."

ಕೇದಾರಿ ಮುಂದೆ ಹೋದ. ಬಾನೆಟ್ ಎದ್ದು ನಿಂತು ಅವನನ್ನು ಪೂರ್ತಿ ಮರೆಮಾಡಿತು. "ಹಿಡದೇನಿ!" ಎಂದು ಅದರ ಆಚೆಯಿಂದ ದನಿ ಬಂತು. ಎಂಜಿನ್ನು ಆರಿ ಎಷ್ಟೋ ಹೊತ್ತಾಗಿತ್ತು. ಆ ಪೈಪನ್ನು ಯಾರೂ ಹಿಡಿಯಬೇಕಾಗಿರಲಿಲ್ಲ.

ಮಾಯಪ್ಪ ಹೊರಗೆ ಜಾರಿ ಬಂದು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ. ತಲೆಗೆ ಇಳಿದ ರಕ್ತದಿಂದ ಮುಖ ಉಬ್ಬಿತ್ತು. ಅವನು ಮಾಲಿಂಗಪ್ಪನನ್ನು ನೋಡದೆ, ಕೈಯಲ್ಲಿನ ಟಾರ್ಚನ್ನು ನೋಡುತ್ತ, ಸಣ್ಣ ದನಿಯಲ್ಲಿ ಹೇಳಿದ:

"ನೀವಂದಿದ್ದ ಖರೇರಿ. ಅಡಿಕಿ ಐತಿ. ನೀವ ತಗೋರಿ. ನಾ ಮುಟ್ಟಿಲ್ಲ."

ಮಾಲಿಂಗಪ್ಪ ಸುತ್ತ ನೋಡಿದ. ಟೋಪಿ ತೆಗೆದಿಟ್ಟ. ಮಾಯಪ್ಪ ಬಿದ್ದ ಹಾಗೆಯೇ ಬೀಳಬೇಕಿತ್ತು. ಬೇರೆ ದಾರಿ ಇರಲಿಲ್ಲ. ಪಂಚೆ ಕಟ್ಟಿಕೊಂಡು, ಸೀಟಿನ ಮೇಲೆ ಅಂಗಾತ ಬಿದ್ದು, ತಲೆ ಕೆಳಗೆ ಮಾಡಿ, ಕಾಲನ್ನು ಸೀಟಿನ ಬೆನ್ನಿಗೆ ಚಾಚಿದ. ಹೊಟ್ಟೆ ಗಂಟಲಿಗೆ ಬಂತು. ಕರಡಿಗೆ ಜಾರಿ ಗದ್ದಕ್ಕೆ ಬಡಿಯಿತು. ಟಾರ್ಚಿನ ಬೆಳಕಿನಲ್ಲಿ, ಫ್ಯಾನಿನ ಎಲೆಗೂ ಹಿಂದಿನ ಜಾಲರಿಗೂ ನಡುವೆ, ಇಲಿ ತಂದಿಟ್ಟ ಹತ್ತಿಯ ಚೂರುಗಳೊಳಗೆ, ಅದು ಇತ್ತು. ಕರಿಯ ಮೈ, ಒಂದು ಬದಿಗೆ ಫ್ಯಾನಿನ ಎಲೆ ಕೊರೆದ ಗೀರು. ಇಷ್ಟು ವರ್ಷ ದಿನವೂ ಕೈಯಲ್ಲಿ ಹಿಡಿದಿದ್ದರೂ ಅದನ್ನು ಇಷ್ಟು ಕಣ್ಣುಬಿಟ್ಟು ನೋಡಿರಲಿಲ್ಲ ಎನಿಸಿತು. ಕೈ ಹಾಕಿದ. ಸಂದಿನಲ್ಲಿ ಬೆರಳು ಗೆಣ್ಣಿನವರೆಗೆ ಹೋಗಿ ನಿಂತವು. ಉಂಗುರ ತೆಗೆದಿಟ್ಟು ಮತ್ತೆ ಕೈ ಹಾಕಿದ, ಆಗಲೂ ಅಷ್ಟೇ. ಬೆಲ್ಲ ತೂಗಿ, ತುಪ್ಪ ತಿಂದು ಬೆಳೆದ ಬೆರಳುಗಳು. ಬೆರಳ ತುದಿಗೂ ಅದಕ್ಕೂ ನಡುವೆ ಒಂದು ಜೋಳದ ಕಾಳಿನಷ್ಟು ಅಂತರ ಇತ್ತು, ಅದು ಹಾಗೆಯೇ ಉಳಿಯಿತು.

"ಬಿಡ್ಲ್ಯಾ?" ಎಂದು ಬಾನೆಟ್ಟಿನ ಆಚೆಯಿಂದ ಕೇದಾರಿ ಕೇಳಿದ.

"ಹಿಡೀರಿ!" ಎಂದ ಮಾಯಪ್ಪ.

ಮಾಲಿಂಗಪ್ಪ ತಲೆಕೆಳಗಾಗಿ ಬಿದ್ದಲ್ಲಿಂದಲೇ ಮಾಯಪ್ಪನನ್ನು ನೋಡಿದ. ಆ ಕಡೆಯಿಂದ ನೋಡಿದರೆ ಮಾಯಪ್ಪ ಬಹಳ ಎತ್ತರ ಕಂಡ.

"ನನಗ ಬರವಲ್ತು," ಎಂದ. "ನೀನ ತಗಿ."

ಮಾಯಪ್ಪ ಒಮ್ಮೆಗೆ ಏಳಲಿಲ್ಲ. "ನಾನ?"

"ಹ್ಞೂಂ."

"ಆಮ್ಯಾಲ ಮಾತ ಬರಬಾರದ ನೋಡ್ರಿ ಮತ್ತ. ನಾ ಮುಟ್ಟಿಲ್ಲ ಅಂತ ಮೊದಲ ಹೇಳೇನಿ."

"ತಗಿ ಮಾಯಪ್ಪ." ಇನ್ನೇನೋ ಹೇಳಬೇಕೆಂದು ಹುಡುಕಿ, ಸಿಗದೆ, "ನಿನ್ನ ಕೈ ಸಣ್ಣದು" ಎಂದ.

"ಸಣ್ಣದ ಐತ್ರಿ," ಎಂದು ಮಾಯಪ್ಪ ಒಪ್ಪಿಕೊಂಡ.

ಮಾಲಿಂಗಪ್ಪ ಹೊರಗೆ ಜಾರಿ ಬಂದ ಮೇಲೆ ಅವನು ಮತ್ತೆ ಒಳಗೆ ಇಳಿದ. ಕೈ ಹೋಯಿತು, ಬಂತು, ಅಷ್ಟೇ ಕೆಲಸ. ಹೊರಗೆ ಬಂದವನೇ, ಗಾಡಿಯಿಂದ ಯಾವ ಸಾಮಾನು ಬಿಚ್ಚಿದರೂ ಮಾಡುವಂತೆ, ಪಕ್ಕದಲ್ಲಿದ್ದ ಪೆಟ್ರೋಲಿನ ಡಬ್ಬಿಯಲ್ಲಿ ಅದನ್ನು ಅದ್ದಿ, ಚಿಂದಿಯಿಂದ ಒಮ್ಮೆ ಒರೆಸಿ, ಹೆಬ್ಬೆರಳಿನಿಂದ ತಿಕ್ಕಿದ. ತಿಕ್ಕುವಾಗಲೇ ತಾನು ತಿಕ್ಕುತ್ತಿರುವುದು ಏನೆಂದು ನೆನಪಾಗಿ ಅವನ ಕೈ ನಿಂತಿತು. ಇಬ್ಬರೂ ಅದನ್ನು ನೋಡಿದರು. ಮಾಲಿಂಗಪ್ಪ ಎಡಗೈ ಚಾಚಿದ. ಮಾಯಪ್ಪ ತನ್ನ ಕೈಯನ್ನು ಮೇಲೆ ತಂದ, ಅಂಗೈಗೆ ತಾಗಿಸಲಿಲ್ಲ. ಮೊಣಕೈ ಎತ್ತರದಲ್ಲಿ ನಿಲ್ಲಿಸಿ, ಬೆರಳು ಬಿಡಿಸಿ, ಅದನ್ನು ಬಿಟ್ಟ. ಚೂರೂ ಆಚೆ ಈಚೆ ಆಗದೆ ಅದು ಅಂಗೈಯ ನಡುವೆ ಬಿತ್ತು. ರೂಢಿಯಿಂದ ಬಿಟ್ಟನೋ ಬೇಕೆಂದು ಬಿಟ್ಟನೋ ಮಾಲಿಂಗಪ್ಪನಿಗೆ ತಿಳಿಯಲಿಲ್ಲ. ಮಾಯಪ್ಪನ ಮುಖ ಲಾರಿಯ ಗಾಲಿ ಬಿಚ್ಚುವಾಗ ಹೇಗಿತ್ತೋ ಹಾಗೆಯೇ ಇತ್ತು.

ಮಾಲಿಂಗಪ್ಪ ಅಲ್ಲಿಯೇ ತಿರುಗಿ ನಿಂತು ಕರಡಿಗೆ ತೆರೆದು ಅಡಿಕೆಯನ್ನು ಹೊರಗೆ ತೆಗೆದ, ಲಿಂಗವನ್ನು ಒಳಗೆ ಇಟ್ಟ. ಸಡಿಲಾದ ಕೊಂಡಿಗೆ ಮಾಯಪ್ಪ ಕೇಳದೆಯೇ ಒಂದು ತುಂಡು ತಾಮ್ರದ ತಂತಿ ಕೊಟ್ಟ; ಮಾಲಿಂಗಪ್ಪ ಬಿಗಿದ. ಆಮೇಲೆ ಕೈಯಲ್ಲಿ ಉಳಿದ ಅಡಿಕೆಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತ. ಮಾಯಪ್ಪ ಅದನ್ನು ನೋಡಿದ, ಕರಡಿಗೆಯನ್ನು ನೋಡಿದ. ಅವನ ತುಟಿಯ ತುದಿ ಒಂದು ಸಲ ಅಲುಗಿತು, ಅಷ್ಟೇ. ಕೈ ಚಾಚಿ ಅಡಿಕೆಯನ್ನು ಅವನ ಕೈಯಿಂದ ತೆಗೆದುಕೊಂಡ. ಈ ಸಲ ಬೆರಳಿಗೆ ಬೆರಳು ತಾಗಿತು.

"ದಲಾಲ್ರ, ಬಿಡ್ರಿ. ಸಿಕ್ತು."

ಕೇದಾರಿ ಕೈ ಝಾಡಿಸುತ್ತ ಬಂದ. ಎರಡೂ ಅಂಗೈ ಕಪ್ಪಾಗಿದ್ದವು. "ಏನಿತ್ತೋ?"

"ಅಡಿಕಿ."

"ಹಾಂ! ಸಾವಕಾರ್ರು ಮೊದಲ ಅಂದಿದ್ರಲ್ಲ! ನೀ ಕೇಳಲಿಲ್ಲ ಮಗನ." ಅವನು ಅಡಿಕೆಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದ. "ಒಳ್ಳೇ ಮಾಲ. ಹಾಳಾಗಿಲ್ಲ." ಅಂಗಿಯಲ್ಲಿ ಒರೆಸಿ, ಕಿಸೆಯಿಂದ ಅಡಕೊತ್ತು ತೆಗೆದು, ಕಟಕ್ ಎಂದು ಎರಡು ಮಾಡಿದ. ಪತ್ರಿ, ವಿಭೂತಿ, ಗಂಧ ಎಲ್ಲ ಏರಿಸಿಕೊಂಡಿದ್ದ ಅಡಿಕೆ ಕೇದಾರಿಯ ಬಾಯೊಳಗೆ ಹೋಗುವುದನ್ನು ಮಾಲಿಂಗಪ್ಪ ನೋಡುತ್ತ ನಿಂತ. ಇನ್ನರ್ಧವನ್ನು ಕೇದಾರಿ ಅವನ ಮುಂದೆ ಹಿಡಿದ. ಮಾಲಿಂಗಪ್ಪ ಬೇಡವೆಂದು ತಲೆ ಆಡಿಸಿದ. "ಸ್ವಲ್ಪ ವಿಭೂತಿ ವಾಸನಿ ಐತಿ," ಎಂದು ಕೇದಾರಿ ಅಗಿಯುತ್ತ ಹೇಳಿದ. "ಆದ್ರ ರುಚಿ ಐತಿ."

ಫ್ಯಾನು ತಿರುಗಿತು. ಎಂಜಿನ್ನು ಶುರು ಮಾಡಿದ ಮೇಲೆ ಬಿಸಿಗಾಳಿಯೂ ಬಂತು. ಅದನ್ನು ಆರಿಸಲು ಹೋದರೆ, ಕೆರೆದು ಕೆರೆದು ಸವೆದ ಸ್ವಿಚ್ಚು ಆರಲಿಲ್ಲ. "ವಾಯರ ಕಿತ್ತ ಇಡ್ಲೇನ್ರಿ?" ಎಂದು ಮಾಯಪ್ಪ ಕೇಳಿದ. ಕೇದಾರಿ ಆಗಲೇ ಎರಡನೆಯ ಸೀಟಿನಲ್ಲಿ ಕೂತು ಕಾಲು ಒಳಗೆ ಎಳೆದುಕೊಂಡು ಇವರನ್ನೇ ನೋಡುತ್ತಿದ್ದ. ಬಿಸಿಗಾಳಿಗೆಂದೇ ಮೂಡಲಗಿಯಿಂದ ಬಂದ ಮನುಷ್ಯ ಬಿಸಿಗಾಳಿ ಬೇಡವೆನ್ನುವುದು ಹೇಗೆ? "ಇರಲಿ, ನಡೀಲಿ," ಎಂದ ಮಾಲಿಂಗಪ್ಪ. ಮಾಯಪ್ಪನಿಗೆ ಏನಾದರೂ ಹೇಳದೆ ಹೊರಡಲು ಅವನಿಗೆ ಮನಸ್ಸಾಗಲಿಲ್ಲ. "ತಾಯಿ ಆರಾಮ ಅದಾಳೇನು?" ಎಂದು ಕೇಳಿದ. "ತೀರಿಕೊಂಡಾಳ್ರಿ, ಹೋದ ಮಳಿಗಾಲದಾಗ," ಎಂದ ಮಾಯಪ್ಪ. ಬಾಗಿಲು ಸರಿಯಾಗಿ ಹತ್ತಿದೆಯೇ ಎಂದು ಒಮ್ಮೆ ದೂಡಿ ನೋಡಿ ಲಾರಿಯ ಗಾಲಿಯ ಕಡೆ ಹೋದ.

ಘಟಪ್ರಭೆಯ ರೈಲು ಗೇಟು ಹಾಕಿತ್ತು. ಗೂಡ್ಸು ಗಾಡಿ ಹೋಗುವವರೆಗೆ ಇಬ್ಬರೂ ಡಬ್ಬಿಯ ಮುಂದೆ ಕೂತು ಬೆಂದರು. ಕೇದಾರಿ ಮೊದಲು ತಂಬಾಕಿನ ಧಾರಣೆ ಮಾತಾಡಿದ, ಆಮೇಲೆ ಟೋಪಿ ತೆಗೆದ, ಘೋಡಗೇರಿ ಬರುವ ಹೊತ್ತಿಗೆ ಅಂಗಿಯನ್ನೂ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, "ಬೀಗರಿಗೆ ಇದನ್ನ ತೋರಸಬ್ಯಾಡ್ರಿ ಸಾವಕಾರ್ರ. ನಿಶ್ಚಯ ಮುರೀತೈತಿ" ಎಂದ. ಎದೆಯ ಮೇಲೆ ಬೆವರಿಗೆ ಅಂಟಿಕೊಂಡು ಕರಡಿಗೆ ಕೂತಿತ್ತು. ಅದರಿಂದ ಪೆಟ್ರೋಲಿನ ವಾಸನೆ ಬರುತ್ತಿತ್ತು. ಈಗ ಸಮಾಧಾನವಾಗಬೇಕಲ್ಲ ಎಂದು ಅವನು ಕಾಯುತ್ತಿದ್ದ. ಸಮಾಧಾನದ ಬದಲು ಅವನಿಗೆ ನೆನಪಾಗುತ್ತಿದ್ದದ್ದು ಕೆಂಪವ್ವನ ಸೆರಗು. ಅದರ ಬಣ್ಣ ಯಾವುದಿತ್ತೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಮೇಲಿನಿಂದ ಬಿಡುವಾಗ ಅವನು ಬೆಲ್ಲವನ್ನು ಮಾತ್ರ ನೋಡುತ್ತಿದ್ದ.

ದುಂಡಪ್ಪನವರ ಪಡಸಾಲೆಯಲ್ಲಿ ಹೊತ್ತು ಮುಳುಗುವ ಮೊದಲೇ ಎಲ್ಲರೂ ಸಾಲಾಗಿ ಕೂತರು. ಅಯ್ಯನವರ ಬಲಕ್ಕೆ ಮಾಲಿಂಗಪ್ಪ, ಅವನ ಬಲಕ್ಕೆ ದುಂಡಪ್ಪ. ಕೇದಾರಿ ದೂರದಲ್ಲಿ ಕೂತು, ಬಿಸಿಗಾಳಿಯ ಕತೆಯನ್ನು, ಅಡಿಕೆಯ ಕತೆಯನ್ನು, ತಾನು ಪೈಪು ಹಿಡಿಯದಿದ್ದರೆ ಆಗುತ್ತಿದ್ದ ಅನಾಹುತವನ್ನು ಆಗಲೇ ಎರಡು ಸಲ ಹೇಳಿ ಮುಗಿಸಿದ್ದ. ಒಳಕೋಣೆಯ ಬಾಗಿಲಲ್ಲಿ ಹೆಂಗಸರ ನಡುವೆ ಯಮನವ್ವ ನಿಂತಿದ್ದಳು. ಮಾಲಿಂಗಪ್ಪ ತಾಮ್ರದ ತಂತಿ ಬಿಚ್ಚಿ ಕರಡಿಗೆ ತೆರೆದಾಗ ಅವಳು ಗೋಡೆಗೆ ಕೈ ಊರಿದಳು. ಅವನು ಲಿಂಗವನ್ನು ಅಂಗೈಮೇಲೆ ಇಟ್ಟುಕೊಂಡಾಗ ಆ ಕೈ ನಿಧಾನ ಕೆಳಗಿಳಿಯಿತು. ಅವಳಿಗೆ ಯಾವಾಗಿನಿಂದ ಗೊತ್ತಿತ್ತು ಎಂದು ಕೇಳಬಾರದು ಎಂದು ಅವನು ಅಲ್ಲಿಯೇ ತೀರ್ಮಾನಿಸಿದ.

ದೀಪವನ್ನು ಹತ್ತಿರ ಸರಿಸಿದರು. ಲಿಂಗದ ಮೇಲೆ ದೃಷ್ಟಿ ಇಡಬೇಕು, ರೆಪ್ಪೆ ಬಡಿಯಬಾರದು ಎಂದು ಅಪ್ಪ ಕಲಿಸಿದ್ದ. ಅವನಿಗೆ ಅದು ಎಂದೂ ಬಂದಿರಲಿಲ್ಲ. ಕಣ್ಣು ಲಿಂಗದ ಮೇಲೆ, ಮನಸ್ಸು ಬೆಲ್ಲದ ಧಾರಣೆಯ ಮೇಲೆ. ಇಂದು ಅವನು ನೋಡಿದ. ಲಿಂಗಕ್ಕೆ ಹೊದಿಸಿದ ಕಂತಿ, ಆ ಕರಿಯ ಲೇಪ, ಪೆಟ್ರೋಲಿಗೆ ಮೆತ್ತಗಾಗಿ, ಆಮೇಲೆ ಆರಿ ಗಟ್ಟಿಯಾಗಿತ್ತು. ಅದರ ನೆತ್ತಿಯ ಮೇಲೆ, ದೀಪ ಓರೆಯಾಗಿ ಬಿದ್ದಲ್ಲಿ, ಒಂದು ಹೆಬ್ಬೆರಳಿನ ಗುರುತು ಇತ್ತು. ಸುಳಿಯ ಒಳಗೆ ಸುಳಿ, ಗೆರೆಯ ಪಕ್ಕ ಗೆರೆ, ನಡುವೆ ಹಳೆಯ ಗಾಯದ ಒಂದು ಅಡ್ಡ ಕೊಯ್ತ. ಯಾರೋ ಕೂತು ಕೊರೆದಂತೆ ಅಷ್ಟು ಸ್ಪಷ್ಟವಾಗಿ ಮೂಡಿತ್ತು. ಮಾಲಿಂಗಪ್ಪ ತನ್ನ ಹೆಬ್ಬೆರಳನ್ನು ಅದರ ಮೇಲೆ ಇಟ್ಟು ನೋಡಿದ. ಹೊಂದಲಿಲ್ಲ, ಅವನದು ದಪ್ಪ. ಬೆರಳು ತೆಗೆದ. ಗುರುತು ಹಾಗೆಯೇ ಇತ್ತು. ಅದರ ಮೇಲೆ ವಿಭೂತಿ ಇಡು ಎಂದು ಅಯ್ಯನವರು ಸನ್ನೆ ಮಾಡಿದರು. ಅವನು ಇಟ್ಟ. ಬಿಳಿಯ ಪುಡಿ ಗೆರೆಗಳೊಳಗೆ ಇಳಿದು ಅದನ್ನು ಇನ್ನೂ ಎದ್ದು ಕಾಣಿಸಿತು.

ಅವನು ರೆಪ್ಪೆ ಬಡಿಯಲಿಲ್ಲ. ಉಳಿದವರು ಪೂಜೆ ಮುಗಿಸಿ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಕರಡಿಗೆಯೊಳಗೆ ಇಟ್ಟ ಮೇಲೂ ಅವನು ನೋಡುತ್ತಲೇ ಇದ್ದ. ಸಾಲಿನಲ್ಲಿ ಯಾರೋ, "ಏನ ನಿಷ್ಠಾ ಅಂತೀನಿ" ಎಂದರು. ದುಂಡಪ್ಪ ಗೌರವದಿಂದ ಕಾದರು. ಕಾಯುತ್ತ ಕಾಯುತ್ತ ಅವರ ಮೂಗು ಒಂದೆರಡು ಸಲ ಅರಳಿತು. ಅವರು ಬಗ್ಗಿ ಮಾಲಿಂಗಪ್ಪನ ಅಂಗೈಯನ್ನು ನೋಡಿದರು.

"ಬೀಗರ, ಕಂತಿ ಕೊರದಂಗಾಗೇತಲ್ರಿ," ಎಂದು ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು. "ನಮ್ಮಲ್ಲಿ ಛಲೋ ಕಂತಿ ಕಟ್ಟಾಂವ ಅದಾನ. ನಾಳಿ ಮುಂಜಾನೆ ಕರಸ್ತೇನಿ. ಇದನ್ನ ತಗಸಿ ಹೊಸಾದ ಕಟ್ಟಸೂಣು."

ಮಾಲಿಂಗಪ್ಪ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡ. ಪೆಟ್ರೋಲಿನ ವಾಸನೆಗೆ ಕಣ್ಣಲ್ಲಿ ನೀರು ಬಂತು.

"ಬ್ಯಾಡ್ರಿ," ಎಂದ. "ಈಗಷ್ಟ ಕಟ್ಟಿಸೇನಿ."

"ಎಲ್ಲಿ?"

"ಗೋಕಾಕದಾಗ."